ಮೊದಲ ಹಾಡು ಯಾರದು?

ಶಿಶುನಾಳ ಶಿಗ್ಗಾಂವಿ ತಾಲೂಕಿನ ಊರು. ಈ ಸೀಮೆಯ ಕಟ್ಟೆಯ ಮೇಲೆ ಕೂತು ರಾಕ್ ಬ್ಯಾಂಡಿನ ಮಾತು ತೆಗೆದರೆ, ಅದು ದೊಡ್ಡ ಶಹರದ ಮಂದಿಯ ಸಂಗತಿ ಎಂದು ಯಾರಾದರೂ ಅಂದಾರು. ಆದರೆ 2008ರಲ್ಲಿ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಬ್ಯಾಂಡಿನ ಚೊಚ್ಚಲ ಆಲ್ಬಮ್ ಬಂದಾಗ, ಅದರಿಂದ ಕನ್ನಡದ ಹುಡುಗ ಹುಡುಗಿಯರ ಬಾಯಿಗೆ ಹತ್ತಿದ ‘ಗುಡುಗುಡಿಯ ಸೇದಿ ನೋಡೋ’ ಹುಟ್ಟಿದ್ದು ಇದೇ ತಾಲೂಕಿನಲ್ಲಿ. ಹಾಡು ಕಟ್ಟಿದ ಶಿಶುನಾಳ ಶರೀಫರು ತೀರಿಕೊಂಡು ಆಗಲೇ 119 ವರ್ಷಗಳಾಗಿದ್ದವು.

ಹೊಸ ಬ್ಯಾಂಡಿನ ಹೊಸ ಹಾಡಿಗೆ ಇಷ್ಟು ಹಳೆಯ ಬೇರು ಹೇಗೆ ಬಂತು? ಈ ಅಧ್ಯಾಯದ ಪ್ರಶ್ನೆ ಅದೇ. ಅದಕ್ಕೂ ಮುಂಚೆ, ಬ್ಯಾಂಡುಗಳು ತಮ್ಮ ಮೊದಲ ಹಾಡನ್ನು ಹೇಗೆ ತರುತ್ತಿದ್ದವು ಎಂದು ನೋಡೋಣ.

ಸಿಂಗಲ್ ಎಂದರೆ ಏನು?

ಹಳೆಯ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಹತ್ತು ಇಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಯುತ್ತಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಹೆಚ್ಚು ಹೊತ್ತು ನುಡಿಯುವ, ಹಲವು ಹಾಡು ಹಿಡಿಯುವ ತಟ್ಟೆಯನ್ನು ತಂದಿತು. ಮರುವರ್ಷವೇ ಆರ್‌ಸಿಎ ವಿಕ್ಟರ್ ಕಂಪನಿ ಏಳು ಇಂಚಿನ, ನಿಮಿಷಕ್ಕೆ 45 ಸುತ್ತಿನ ಪುಟ್ಟ ತಟ್ಟೆಯನ್ನು ಹೊರತಂದಿತು. ಒಂದು ಮಗ್ಗುಲಿಗೆ ಮುಖ್ಯ ಹಾಡು, ಇನ್ನೊಂದಕ್ಕೆ ಜೊತೆಯ ಹಾಡು. ಇದೇ ಸಿಂಗಲ್. ಬೆಲೆ ಕಡಿಮೆಯಾದ್ದರಿಂದ ಹರೆಯದವರ ಕೈಗೂ ಎಟುಕಿತು. ಹೊಸ ಬ್ಯಾಂಡನ್ನು ಜನ ಒಪ್ಪುತ್ತಾರೋ ಇಲ್ಲವೋ ಎಂದು ನೋಡಲು ಕಂಪನಿಗಳು ಮೊದಲು ಸಿಂಗಲ್ ಬಿಡುತ್ತಿದ್ದವು. ಅದು ಗೆದ್ದರೆ ಆಲ್ಬಮ್.

ಬೀಟಲ್ಸ್ ತಂಡದ ಗೆಲುವಿನ ಹಾದಿ 1962ರ ಅಕ್ಟೋಬರಿನಲ್ಲಿ ‘ಲವ್ ಮಿ ಡು’ ಸಿಂಗಲ್ಲಿನಿಂದ ಹೀಗೆ ಶುರುವಾಯಿತು. ಆ ಹಾಡು ಅವರೇ ಕಟ್ಟಿದ್ದು. ಆದರೆ 1965ರಲ್ಲಿ ‘ದಿ ಬರ್ಡ್ಸ್’ ಎಂಬ ಅಮೆರಿಕನ್ ತಂಡ ಆ ಹೆಸರಿನಲ್ಲಿ ತಂದ ಮೊದಲ ಸಿಂಗಲ್ ‘ಮಿಸ್ಟರ್ ಟ್ಯಾಂಬರೀನ್ ಮ್ಯಾನ್’ ಬಾಬ್ ಡಿಲನ್ ಬರೆದ ಹಾಡು. ತಂಡ ಅದಕ್ಕೆ ಹನ್ನೆರಡು ತಂತಿಯ ಎಲೆಕ್ಟ್ರಿಕ್ ಗಿಟಾರಿನ ನಾದವನ್ನೂ ಹಲವು ದನಿಗಳ ಕೂಡುಹಾಡಿಕೆಯನ್ನೂ ಕೊಟ್ಟಿತು. ಅಮೆರಿಕ, ಬ್ರಿಟನ್ ಎರಡೂ ಕಡೆ ಹಾಡು ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಮೊದಲ ಗೆಲುವಿನ ಹಾಡು ಬ್ಯಾಂಡಿನದೇ ಆಗಿರಬೇಕಿಲ್ಲ. ಇನ್ನೊಬ್ಬರ ಮಾತಿಗೆ ತಮ್ಮ ಉಸಿರು ಕೊಟ್ಟರೂ ಸಾಕು.

ಮೊದಲ ನಿಲ್ದಾಣ: ಶಿಶುನಾಳದಿಂದ ಹೊರಟ ಹಾಡು

ಶಿಶುನಾಳ ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಅವರ ಗುರು ಕಳಸದ ಗೋವಿಂದ ಭಟ್ಟರು. ಮುಸ್ಲಿಂ ಶಿಷ್ಯ, ಬ್ರಾಹ್ಮಣ ಗುರು: ಈ ನಂಟು ಈ ಭಾಗದ ಜನರ ನೆನಪಿನಲ್ಲಿ ಇಂದಿಗೂ ಹಸಿರಾಗಿದೆ. ಶರೀಫರ ಗದ್ದುಗೆಗೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ. ತತ್ವಪದ ಎನಿಸಿದ ಅವರ ಹಾಡುಗಳು ಹರಡಿದ್ದು ಅಚ್ಚಿನಿಂದಲ್ಲ, ಬಾಯಿಂದ ಬಾಯಿಗೆ. ಏಕತಾರಿ, ದಮ್ಮಡಿ, ತಾಳ ಹಿಡಿದ ಭಜನೆ ಮೇಳಗಳಿಂದ.

ಶರೀಫರು ಕಣ್ಣೆದುರಿನ ವಸ್ತುವನ್ನೇ ತತ್ವಕ್ಕೆ ಮೆಟ್ಟಿಲು ಮಾಡಿಕೊಂಡವರು. ಗುಡುಗುಡಿಯ ಹಾಡಿನಲ್ಲಿ ಮನಸ್ಸು ಸಂಚಿಯಾಗುತ್ತದೆ, ಮೋಹ ಕೊಚ್ಚಬೇಕಾದ ಭಂಗಿಯಾಗುತ್ತದೆ, ಬುದ್ಧಿ ಕೆಂಡವಾಗುತ್ತದೆ, ಬುರುಡೆ ಶರೀರವಾಗುತ್ತದೆ. ಹೊರಗಿನಿಂದ ಚಟದ ಹಾಡು, ಒಳಹೊಕ್ಕರೆ ಮೋಹವನ್ನು ಸುಡುವ ಹಾಡು. ‘ಸೋರುತಿಹುದು ಮನೆಯ ಮಾಳಿಗಿ’ ಕೂಡ ಹಾಗೆಯೇ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಸೋರುವುದೆಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಶರೀಫರು ಆ ಸೋರಿಕೆಗೆ ಅಜ್ಞಾನವೇ ಕಾರಣವೆಂದು ಹಾಡಿದರು.

ಎರಡನೆಯ ನಿಲ್ದಾಣ: ಕ್ಯಾಸೆಟ್ಟು, ಸಿನಿಮಾ

ಈ ಹಾಡುಗಳನ್ನು ತುಂಗಭದ್ರೆಯಾಚೆಗೂ ಮನೆಮನೆಗೆ ಮುಟ್ಟಿಸಿದವರಲ್ಲಿ ಮುಖ್ಯರು ಸಿ. ಅಶ್ವತ್ಥ್. ಭಜನೆಯ ಹಾಡಿಗೆ ವಾದ್ಯಮೇಳ ಕೂಡಿಸಿ, ಎದೆ ತುಂಬಿದ ಏರುದನಿಯಲ್ಲಿ ಅವರು ಹಾಡಿದ ಶರೀಫರ ಪದಗಳು ಕ್ಯಾಸೆಟ್ ಕಾಲದಲ್ಲಿ ನಾಡೆಲ್ಲ ಸುತ್ತಿದವು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಸಿನಿಮಾಕ್ಕೂ ಅವರದೇ ಸಂಗೀತ. ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ ನಟಿಸಿದ ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುತ್ತಿದ್ದ ನರ್ಗಿಸ್ ದತ್ ಪ್ರಶಸ್ತಿ ಬಂತು. ಮುಂದೆ ಗಿಟಾರ್ ಹಿಡಿದ ತಲೆಮಾರು ಬೆಳೆದದ್ದು ಈ ಹಾಡುಗಳು ಮನೆಯಲ್ಲಿ ಕೇಳಿಸುತ್ತಿದ್ದ ಕಾಲದಲ್ಲಿ.

ಮೂರನೆಯ ನಿಲ್ದಾಣ: ಗಿಟಾರು

ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು. ಓದಿದ್ದು ಸೂಕ್ಷ್ಮಜೀವಶಾಸ್ತ್ರ, ಕಲಿತದ್ದು ಭರತನಾಟ್ಯ. ಕಾಲೇಜಿನಲ್ಲಿ ಗೆಳೆಯನೊಬ್ಬ ಒಡ್ಡಿದ ಸವಾಲಿನಿಂದ ಗಿಟಾರ್ ಕೈಗೆ ಬಂತು. ‘ಅಂತರಾಗ್ನಿ’ ಅವರ ಮೊದಲ ತಂಡ. ಮುಂದೆ ಅವರು ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಕಟ್ಟಿದರು. 2008ರಲ್ಲಿ ಹಿಂದಿ ಸಿನಿಮಾ ಸಂಗೀತದ ವಿಶಾಲ್-ಶೇಖರ್ ಜೋಡಿ ತಮ್ಮ ಸಂಸ್ಥೆಯಿಂದ ಅವರ ಚೊಚ್ಚಲ ಆಲ್ಬಮ್ ಹೊರತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳಿದ್ದವು: ಗುಡುಗುಡಿ ಮತ್ತು ಮಾಳಿಗೆ.

2010ರಲ್ಲಿ ಬ್ಯಾಂಡು ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸಬರಿಗೆ ಕೊಡುವ ಪ್ರಶಸ್ತಿ ಅದಕ್ಕೆ ಸಂದಿತು. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ರಘು ಹಾಡುತ್ತಿದ್ದಾಗ ಕನ್ನಡ ಅರಿಯದವರೂ ಕುಣಿದರು. ರಘು ಶರೀಫರನ್ನು ಅಲ್ಲಿಗೇ ಬಿಡಲಿಲ್ಲ: 2013ರ ‘ಜಗ್ ಚಂಗಾ’ ಆಲ್ಬಮ್ಮಿನಲ್ಲಿ ‘ಲೋಕದ ಕಾಳಜಿ’ಯನ್ನು ಹಾಡಿದರು.

ತತ್ವಪದ ರಾಕ್‌ಗೆ ಒಗ್ಗಿದ್ದು ಹೇಗೆ?

ಇದು ಆಕಸ್ಮಿಕವಲ್ಲ. ಮೂರು ಕಾರಣ ಕಾಣುತ್ತವೆ.

ಒಂದು, ಪಲ್ಲವಿ. ತತ್ವಪದ ಒಬ್ಬರು ಹೇಳಿ, ಉಳಿದವರು ಹಿಮ್ಮೇಳದಲ್ಲಿ ಎತ್ತಿಕೊಳ್ಳುವ ಹಾಡು. ಅದರ ಪಲ್ಲವಿ ಚಿಕ್ಕದು, ಒಮ್ಮೆ ಕೇಳಿದರೆ ಬಾಯಿಗೆ ಬರುವಂಥದು. ಪಾಪ್ ಹಾಡಿಗೆ ಬೇಕಾದದ್ದೂ ಅದೇ: ಕೇಳುಗ ತಾನೇ ಹಾಡುವಂತೆ ಮರಮರಳಿ ಬರುವ ಸಾಲು.

ಎರಡು, ತಾಳ. ಭಜನೆಯಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎಂಟು ಮಾತ್ರೆಯ ನಡೆ, ರಾಕ್ ಸಂಗೀತದ ನಾಲ್ಕರ ಎಣಿಕೆಯಲ್ಲಿ ಸಲೀಸಾಗಿ ಕೂರುತ್ತದೆ. ದಮ್ಮಡಿಯ ಪೆಟ್ಟು ಬೀಳುವಲ್ಲಿ ಡ್ರಮ್ ಬಿದ್ದರೆ ಮಾತು ಮುರಿಯುವುದಿಲ್ಲ.

ಮೂರು, ಶ್ರುತಿ. ಏಕತಾರಿಗೆ ಇರುವುದು ಒಂದೇ ತಂತಿ. ಹಾಡಿನುದ್ದಕ್ಕೂ ಒಂದೇ ಸ್ವರ ಮಿಡಿಯುತ್ತದೆ. ಬೇಸ್ ಗಿಟಾರ್ ಕೂಡ ಕೆಳಗಿನ ಸ್ವರವನ್ನು ಹಿಡಿದು ಮೇಲಿನ ಹಾಡಿಗೆ ನೆಲೆ ಕೊಡಬಲ್ಲದು. ವಾದ್ಯ ಬದಲಾಯಿತು, ಕೆಲಸ ಬದಲಾಗಲಿಲ್ಲ.

ಹಾಡಿನ ಒಡೆತನ

ನಮ್ಮ ಕಾಯ್ದೆಯ ಪ್ರಕಾರ ಕೃತಿಯ ಹಕ್ಕು ಬರೆದವರು ತೀರಿಕೊಂಡ ಮೇಲೆ 60 ವರ್ಷ ಉಳಿಯುತ್ತದೆ. ಶರೀಫರ ಮಾತುಗಳು ಎಂದೋ ಎಲ್ಲರ ಆಸ್ತಿಯಾಗಿವೆ. ಹಾಡಲು ಯಾರ ಅಪ್ಪಣೆಯೂ ಬೇಡ. ಆದರೆ ಈಚೆಗೆ ಯಾರೋ ಹಾಕಿದ ಹೊಸ ಧಾಟಿಗೂ ಧ್ವನಿಮುದ್ರಣಕ್ಕೂ ಬೇರೆಯೇ ಹಕ್ಕು ಇರುತ್ತದೆ. ಅಪ್ಪಣೆಯಿಲ್ಲದೆ ಅದನ್ನು ನಕಲು ಮಾಡುವಂತಿಲ್ಲ.

ಕಾಯ್ದೆಗಿಂತ ದೊಡ್ಡದೊಂದು ಋಣವಿದೆ. ಶರೀಫರು ಸತ್ತ ಮೇಲೆ ಈ ಪದಗಳನ್ನು ಉಳಿಸಿದವರು ಹೊಲದ ಕೆಲಸ ಮುಗಿಸಿ ರಾತ್ರಿ ತಾಳ ಹಿಡಿದು ಕೂತ ಜನ. ಅವರ ಹೆಸರು ಯಾವ ಆಲ್ಬಮ್ಮಿನ ಹೊದಿಕೆಯ ಮೇಲೂ ಇಲ್ಲ. ಅವರು ಒಂದು ತಲೆಮಾರು ಹಾಡದೆ ಸುಮ್ಮನಿದ್ದಿದ್ದರೆ ಅಶ್ವತ್ಥರಿಗೂ ರಘುವಿಗೂ ಸಿಗುತ್ತಿದ್ದುದೇನು?

ಕೇಳಿ ನೋಡಿ

‘ಸೋರುತಿಹುದು ಮನೆಯ ಮಾಳಿಗಿ’ಯನ್ನು ಮೊದಲು ನಿಮ್ಮೂರ ಭಜನೆಯಲ್ಲಿ, ಆಮೇಲೆ ಅಶ್ವತ್ಥರ ದನಿಯಲ್ಲಿ, ಕೊನೆಗೆ ಬ್ಯಾಂಡಿನಲ್ಲಿ ಕೇಳಿ. ಪಲ್ಲವಿಯನ್ನು ಯಾರು ಎತ್ತಿಕೊಳ್ಳುತ್ತಾರೆ, ತಾಳ ಎಲ್ಲಿ ಬೀಳುತ್ತದೆ, ಯಾವ ಮಾತಿನ ಮೇಲೆ ಒತ್ತು ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ. ನಿಮ್ಮ ಮನೆಯ ಹಿರಿಯರಿಗೆ ಬರುವ, ಪುಸ್ತಕದಲ್ಲಿ ಕಾಣದ ಪದವೊಂದಿದ್ದರೆ ಅದನ್ನು ಇಂದೇ ಮೊಬೈಲಿನಲ್ಲಿ ಮುದ್ರಿಸಿಟ್ಟುಕೊಳ್ಳಿ. ಮುಂದಿನ ಯಾವುದೋ ಬ್ಯಾಂಡಿನ ಮೊದಲ ಹಾಡು ಅದೇ ಆಗಬಹುದು.