ಎಲ್ಲರಿಗೂ ಒಂದೇ ಶಾಲು ಸಾಕೇ? ನೌಕರರ ಸ್ವಭಾವಕ್ಕೆ ತಕ್ಕ ಮನ್ನಣೆ

ಆಯುಧಪೂಜೆಯ ದಿನ ನಮ್ಮ ಕಾಫಿ ಸೀಮೆಯ ತೋಟ, ಕ್ಯೂರಿಂಗ್ ವರ್ಕ್ಸ್, ಗ್ಯಾರೇಜು, ಮರದ ಮಿಲ್ಲುಗಳಲ್ಲೆಲ್ಲ ಒಂದು ದೃಶ್ಯ ಸಾಮಾನ್ಯವಾಗಿ ಕಂಡುಬರುತ್ತದೆ. ಯಂತ್ರಗಳ ಪೂಜೆ ಮುಗಿದ ಬಳಿಕ ಮಾಲೀಕರು ಆ ವರ್ಷದ ಉತ್ತಮ ಕೆಲಸಗಾರರನ್ನು ಕರೆದು, ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲವಿತ್ತು ಗೌರವಿಸುತ್ತಾರೆ. ಪದ್ಧತಿ ಒಳ್ಳೆಯದೇ. ಆದರೆ ಅದು ಎಲ್ಲರ ಮನಸ್ಸಿಗೂ ಒಂದೇ ರೀತಿಯಲ್ಲಿ ಮುಟ್ಟುತ್ತದೆಯೇ ಎಂಬುದು ಯೋಚಿಸಬೇಕಾದ ವಿಷಯ.

ಕೆಲವು ವರ್ಷಗಳ ಹಿಂದೆ ಚಿಕ್ಕಮಗಳೂರು ಕಡೆಯ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಂತಹ ಸಮಾರಂಭವನ್ನು ನೋಡುವ ಅವಕಾಶ ನನಗೆ ಒದಗಿತ್ತು. ಕಾಳು ಆರಿಸುವ ವಿಭಾಗದ ಒಬ್ಬ ಹಿರಿಯ ಹೆಣ್ಣುಮಗಳನ್ನು ವೇದಿಕೆಗೆ ಕರೆಯಲಾಯಿತು. ಆಕೆ ತಲೆ ತಗ್ಗಿಸಿಕೊಂಡೇ ನಿಂತರು, ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಇಳಿದರು. ಮರುದಿನ, ಅದರ ಮರುದಿನ ಕೆಲಸಕ್ಕೆ ಬರಲಿಲ್ಲ. ಕಾರಣ ವಿಚಾರಿಸಿದಾಗ, "ಒಂದೇ ಮೇಜಿನಲ್ಲಿ ಕೂತು ಎಲ್ಲರೂ ಆರಿಸುತ್ತೇವೆ, ನನ್ನೊಬ್ಬಳನ್ನೇ ಯಾಕೆ ನಿಲ್ಲಿಸಿದಿರಿ? ಜೊತೆಯವರು ಮಾತು ಬಿಟ್ಟಿದ್ದಾರೆ" ಎಂದರಂತೆ. ಮಾಲೀಕರ ಉದ್ದೇಶದಲ್ಲಿ ಲೋಪವಿರಲಿಲ್ಲ. ಸನ್ಮಾನದ ರೀತಿ ಮಾತ್ರ ಆ ವ್ಯಕ್ತಿಯ ಸ್ವಭಾವಕ್ಕೆ ಹೊಂದಲಿಲ್ಲ.

ಇಂದೇಕೆ ಈ ಚಿಂತನೆ?

ಅರೇಬಿಕಾ ಕುಯ್ಲು ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯವರೆಗೆ ನಡೆಯುತ್ತದೆ. ಅದು ಮುಗಿಯುವ ಮುನ್ನವೇ ರೊಬಸ್ಟಾ ಹಣ್ಣಾಗತೊಡಗುತ್ತದೆ. ಮೂಡಿಗೆರೆ, ಕಳಸ, ಹೊರನಾಡಿನ ತೋಟಗಳಿಗೆಲ್ಲ ಒಂದೇ ಸಮಯದಲ್ಲಿ ಆಳುಗಳು ಬೇಕು. ಸ್ಥಳೀಯರ ಸಂಖ್ಯೆ ಇಳಿದು, ಅಸ್ಸಾಂನಂತಹ ದೂರದ ರಾಜ್ಯಗಳಿಂದ ಬರುವವರನ್ನು ಅವಲಂಬಿಸಬೇಕಾಗಿದೆ. ಅಕ್ಕಪಕ್ಕದ ತೋಟಗಳ ಕೂಲಿಯಲ್ಲಿ ಹೆಚ್ಚು ಅಂತರವಿಲ್ಲದಿರುವಾಗ, ಪಳಗಿದ ಕೈಗಳು ಮುಂದಿನ ವರ್ಷವೂ ನಮ್ಮಲ್ಲಿಗೇ ಬರುವಂತೆ ಮಾಡುವುದು ಯಾವುದು?

ಇದು ಕೇವಲ ಆಳುಗಳ ಲೆಕ್ಕವಲ್ಲ, ಗುಣಮಟ್ಟದ ಪ್ರಶ್ನೆಯೂ ಹೌದು. ಕಾಫಿ ಮಂಡಳಿಯ ಪೂಲ್ ಪದ್ಧತಿ 1996ರ ವೇಳೆಗೆ ಕೊನೆಗೊಂಡ ಮೇಲೆ ಉತ್ತಮ ಕಾಫಿಯ ಲಾಭವೂ ಕಳಪೆ ಕಾಫಿಯ ನಷ್ಟವೂ ನೇರವಾಗಿ ಬೆಳೆಗಾರನ ಪಾಲಿಗೆ ಬಂದಿವೆ. 2002ರಲ್ಲಿ ಕಾಫಿ ಮಂಡಳಿಯು 'ಫ್ಲೇವರ್ ಆಫ್ ಇಂಡಿಯಾ' ಫೈನ್ ಕಪ್ ಪ್ರಶಸ್ತಿಯನ್ನು ಆರಂಭಿಸಿತು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ ಹಾಗೂ ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಈ ಹೆಸರನ್ನು ಉಳಿಸುವವರು ಕೆಂಪು ಹಣ್ಣನ್ನಷ್ಟೇ ಕಿತ್ತು ಹಸಿರು ಕಾಯಿಯನ್ನು ಗಿಡದಲ್ಲೇ ಬಿಡುವ ಕೆಲಸಗಾರರು, ಕಣದಲ್ಲಿ ಕಾಫಿ ಒಣಗಿಸುವವರು, ಕಪ್ಪು ಕಾಳನ್ನು ಹೆಕ್ಕಿ ತೆಗೆಯುವವರು. ಬೆಳೆಗೆ ಮನ್ನಣೆ ಬಂದಿತು. ಆ ಕೈಗಳಿಗೆ ಬಂದಿದೆಯೇ?

ಸಂಬಳ ಬೇರೆ, ಮನ್ನಣೆ ಬೇರೆ

ದೀಪಾವಳಿಗೆ ಬೋನಸ್ ಕೊಟ್ಟೆವಲ್ಲ ಎಂದು ಕೆಲವು ಉದ್ಯಮಿ ಮಿತ್ರರು ಹೇಳುವುದುಂಟು. 1965ರ ಬೋನಸ್ ಪಾವತಿ ಕಾಯ್ದೆಯು ಅರ್ಹ ನೌಕರರಿಗೆ ಕನಿಷ್ಠ ಶೇ. 8.33, ಗರಿಷ್ಠ ಶೇ. 20ರಷ್ಟು ಬೋನಸ್ ನಿಗದಿಪಡಿಸಿತ್ತು. 2019ರ ವೇತನ ಸಂಹಿತೆಯೂ ಅದೇ ಪ್ರಮಾಣವನ್ನು ಉಳಿಸಿಕೊಂಡಿದೆ. ಅದು ನೌಕರನ ಹಕ್ಕು. ಹಕ್ಕನ್ನು ಸಲ್ಲಿಸುವುದು ಮಾಲೀಕನ ಕರ್ತವ್ಯವೇ ಹೊರತು ಮೆಚ್ಚುಗೆಯಲ್ಲ.

ಅಮೆರಿಕದ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಇಂಜಿನಿಯರುಗಳು ಹಾಗೂ ಲೆಕ್ಕಿಗರನ್ನು ಮಾತನಾಡಿಸಿ 1959ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಸಂಬಳ, ಸೌಲಭ್ಯಗಳು ಕಡಿಮೆಯಾದರೆ ಅತೃಪ್ತಿ ಹುಟ್ಟುತ್ತದೆ; ಆದರೆ ಅವು ಸರಿಯಾಗಿದ್ದ ಮಾತ್ರಕ್ಕೆ ಉತ್ಸಾಹ ಹುಟ್ಟುವುದಿಲ್ಲ. ಸಾಧನೆ, ಮನ್ನಣೆ ಮತ್ತು ಜವಾಬ್ದಾರಿ ದೊರೆತಾಗ ಉತ್ಸಾಹ ಮೂಡುತ್ತದೆ ಎಂಬುದು ಅವರ ನಿರ್ಣಯ. ಆದುದರಿಂದ ಮೊದಲು ನ್ಯಾಯವಾದ ಕೂಲಿ, ಬಳಿಕ ಮನ್ನಣೆ. ಕೂಲಿ ಉಳಿಸಿ ಶಾಲು ಹೊದಿಸಿದರೆ ಅದನ್ನು ಅರ್ಥಮಾಡಿಕೊಳ್ಳದಷ್ಟು ಮುಗ್ಧರು ಯಾರೂ ಇಲ್ಲ.

ನಾಲ್ಕು ಬಗೆಯ ಸ್ವಭಾವ

ನಮ್ಮಲ್ಲಿ ದುಡಿಯುವವರನ್ನು ಗಮನಿಸಿದರೆ ಸ್ಥೂಲವಾಗಿ ನಾಲ್ಕು ಬಗೆಯ ಸ್ವಭಾವಗಳನ್ನು ಗುರುತಿಸಬಹುದು.

ಮೊದಲನೆಯದು, ನಾಲ್ಕು ಜನರ ಎದುರು ಗೌರವ ಬಯಸುವ ಸ್ವಭಾವ. ಆಳುಗಳ ತಂಡ ಕಟ್ಟಿ ನಡೆಸುವ ಮೇಸ್ತ್ರಿ, ಗಿರಾಕಿಗಳೊಡನೆ ಮಾತನಾಡುವ ಮಾರಾಟಗಾರ ಬಹುಮಟ್ಟಿಗೆ ಈ ಗುಂಪಿನವರು. ಶಾಲು, ಹಾರ, ಫೋಟೋಗಳು ಇವರಿಗೆ ಸಲ್ಲುತ್ತವೆ. ಮನೆಯವರನ್ನೂ ಸಮಾರಂಭಕ್ಕೆ ಕರೆದರೆ ಸಂತೋಷ ಇಮ್ಮಡಿಯಾಗುತ್ತದೆ.

ಎರಡನೆಯದು, ಸದ್ದಿಲ್ಲದೆ ದುಡಿಯುವ ಸಂಕೋಚದ ಸ್ವಭಾವ. ತೋಟದ ರೈಟರ್, ಲೆಕ್ಕ ಬರೆಯುವವರು, ಕಾಳು ಆರಿಸುವವರಲ್ಲಿ ಇಂತಹವರು ಅನೇಕರು. ಇವರಿಗೆ ವೇದಿಕೆ ಶಿಕ್ಷೆಯಂತೆ. ಮಾಲೀಕರೇ ಅವರ ಮೇಜಿನ ಬಳಿ ಹೋಗಿ, "ಕಳೆದ ತಿಂಗಳು ಕಳಿಸಿದ ಮಾಲಿನಲ್ಲಿ ಒಂದೂ ಕಪ್ಪು ಕಾಳಿರಲಿಲ್ಲ, ಕೊಂಡವರು ಮೆಚ್ಚಿದರು" ಎಂದು ಹೇಳಿದರೆ ಸಾಕು. ಮೆಚ್ಚುಗೆ ನಿರ್ದಿಷ್ಟವಾಗಿರಬೇಕು. 'ಚೆನ್ನಾಗಿ ಮಾಡುತ್ತೀರಿ' ಎಂಬ ಸವಕಲು ಮಾತು ಯಾರಿಗೂ ನಾಟದು.

ಮೂರನೆಯದು, ಕಸುಬಿನ ಅಭಿಮಾನಿಗಳ ಸ್ವಭಾವ. ಹಣ್ಣಿನ ಗಾತ್ರಕ್ಕೆ ಪಲ್ಪರ್ ಹೊಂದಿಸಿ ಕಾಳಿಗೆ ಗಾಯವಾಗದಂತೆ ನೋಡಿಕೊಳ್ಳುವವನಿಗೆ ಹೊಗಳಿಕೆಗಿಂತ ನಂಬಿಕೆ ದೊಡ್ಡದು. ಹೊಸ ಯಂತ್ರ ಕೊಳ್ಳುವ ಮುನ್ನ ಅವನ ಅಭಿಪ್ರಾಯ ಕೇಳಿರಿ. ಅವಕಾಶವಿದ್ದಾಗ ತರಬೇತಿಗೆ ಕಳುಹಿಸಿರಿ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ನಮ್ಮ ಜಿಲ್ಲೆಯಲ್ಲೇ ಇದೆ. ಕಲಿತು ಬಂದದ್ದನ್ನು ಇತರರಿಗೆ ಹೇಳಿಕೊಡುವ ಹೊಣೆಯನ್ನೂ ಅವನಿಗೇ ವಹಿಸಿರಿ.

ನಾಲ್ಕನೆಯದು, ತಂಡದೊಡನೆಯೇ ಬದುಕುವ ಸ್ವಭಾವ. ಕುಯ್ಲಿಗೆ ಬರುವ ಗುಂಪುಗಳಲ್ಲಿ ಒಬ್ಬರನ್ನು ಮೇಲೆತ್ತಿದರೆ ಉಳಿದವರ ಮನಸ್ಸು ಮುರಿಯಬಹುದು. ಇಲ್ಲಿ ಇಡೀ ತಂಡಕ್ಕೆ ಮನ್ನಣೆ ಸಲ್ಲಬೇಕು. ಕುಯ್ಲು ಮುಗಿದ ದಿನ ಮಾಲೀಕರ ಮನೆಯವರೂ ಕೂಡಿ ಉಣ್ಣುವ ಒಂದು ಊಟದ ಬೆಲೆಯನ್ನು ಹಣದಲ್ಲಿ ಅಳೆಯಲಾಗದು. ಅಸ್ಸಾಮಿನವರಿಗೆ ಜನವರಿ ಮಧ್ಯದಲ್ಲಿ ಬರುವ ಮಾಘ ಬಿಹು ಕುಯ್ಲಿನ ಭರದಲ್ಲೇ ಬೀಳುತ್ತದೆ. ಅಂದು ಅರ್ಧ ದಿನದ ಬಿಡುವು, ಏಪ್ರಿಲ್ ಮಧ್ಯದ ಬಿಹುವಿಗೆ ಊರು ತಲುಪಲು ಮುಂಚಿತವಾಗಿ ರೈಲು ಟಿಕೆಟ್ಟಿನ ವ್ಯವಸ್ಥೆ ಮಾಡಿಕೊಟ್ಟರೆ, ನಮ್ಮನ್ನು ಮನುಷ್ಯರೆಂದು ಕಂಡರು ಎಂಬ ಭಾವ ಅವರಲ್ಲಿ ಉಳಿಯುತ್ತದೆ.

ಎಚ್ಚರಿಕೆಯ ಮಾತು

ಸ್ವಭಾವಗಳ ವಿಂಗಡಣೆ ಹೊಸದಲ್ಲ. ಕಾರ್ಲ್ ಯೂಂಗ್ 1921ರಲ್ಲಿ, ವಿಲಿಯಂ ಮಾರ್ಸ್ಟನ್ 1928ರಲ್ಲಿ ಈ ಬಗ್ಗೆ ಗ್ರಂಥಗಳನ್ನು ಪ್ರಕಟಿಸಿದರು. ಅವನ್ನು ಆಧರಿಸಿದ ಪ್ರಶ್ನಾವಳಿಗಳು ಇಂದು ದೊಡ್ಡ ಕಂಪನಿಗಳಲ್ಲಿ ಬಳಕೆಯಲ್ಲಿವೆ. ಆದರೆ ಇಂತಹ ಪರೀಕ್ಷೆಯನ್ನು ಕೆಲವು ವಾರಗಳ ಬಳಿಕ ಮತ್ತೆ ತೆಗೆದುಕೊಂಡಾಗ ಅನೇಕರಿಗೆ ಬೇರೆಯೇ ಫಲಿತಾಂಶ ಬರುವುದನ್ನು ಸಂಶೋಧಕರು ಎತ್ತಿ ತೋರಿಸಿದ್ದಾರೆ. ಮೇಲಿನ ನಾಲ್ಕು ಬಗೆಗಳನ್ನೂ ಯಾರ ಹಣೆಗೂ ಚೀಟಿಯಂತೆ ಅಂಟಿಸಬಾರದು. ಹತ್ತಿಪ್ಪತ್ತು ಜನರಿರುವ ನಮ್ಮ ಸಂಸ್ಥೆಗಳಿಗೆ ಪ್ರಶ್ನಾವಳಿಯ ಅಗತ್ಯವೂ ಇಲ್ಲ. 'ಈ ವರ್ಷದ ಯಾವ ಕೆಲಸ ನಿಮಗೇ ಮೆಚ್ಚುಗೆಯಾಯಿತು? ಅದನ್ನು ಯಾರು ಗಮನಿಸಬೇಕಿತ್ತು? ಎಲ್ಲರ ಮುಂದೆ ಹೇಳಲೇ, ನಿಮಗಷ್ಟೇ ಹೇಳಲೇ?' ಎಂಬ ಮೂರು ಪ್ರಶ್ನೆಗಳು ಸಾಕು. ಉತ್ತರವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮುಂದಿನ ವರ್ಷಕ್ಕೆ ಉಪಯೋಗವಾಗುತ್ತದೆ.

ಯಾವುದಕ್ಕೆ ಮನ್ನಣೆ ಎಂಬುದನ್ನೂ ಯೋಚಿಸಬೇಕು. ಹೆಚ್ಚು ತೂಕ ಕಿತ್ತವರಿಗೆ ಬಹುಮಾನವೆಂದರೆ ಹಣ್ಣಿನೊಡನೆ ಹಸಿರು ಕಾಯಿಯೂ ಚೀಲ ಸೇರುತ್ತದೆ. ಪ್ರತಿ ಚೀಲದಿಂದ ನೂರು ಹಣ್ಣು ತೆಗೆದು ಎಷ್ಟು ಕೆಂಪಗಿವೆ ಎಂದು ಎಲ್ಲರೆದುರು ಎಣಿಸುವುದು ಸುಲಭವಾದ ಅಳತೆ.

ಒಬ್ಬೊಬ್ಬರಿಗೆ ಒಂದೊಂದು ರೀತಿ ಎಂದರೆ ಪಕ್ಷಪಾತವಾಗದೇ ಎಂಬ ಶಂಕೆ ಸಹಜ. ಅರ್ಹತೆಯ ಅಳತೆ ಎಲ್ಲರಿಗೂ ಒಂದೇ ಇರಲಿ, ಅದು ಮೊದಲೇ ತಿಳಿದಿರಲಿ. ಸಲ್ಲಿಸುವ ರೀತಿ ಮಾತ್ರ ಬೇರೆಯಾಗಲಿ. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರೆಲ್ಲರಿಗೂ ಊಟ ಒಂದೇ. ಆದರೂ ಯಾವ ಪಂಕ್ತಿಯಲ್ಲೇ ಆಗಲಿ, ಬಡಿಸುವ ಅನುಭವಿಗಳು ಉಣ್ಣುವವರ ಮುಖ ನೋಡಿ ಬಡಿಸುತ್ತಾರೆ.

ಮೊದಲು ಹೇಳಿದ ಹೆಣ್ಣುಮಗಳು ಮೂರನೆಯ ದಿನ ಮರಳಿ ಬಂದರು. ಮಾಲೀಕರು ಸಮಾರಂಭದ ಮಾತೆತ್ತದೆ, ಹೊಸದಾಗಿ ಸೇರಿದ ಇಬ್ಬರು ಹುಡುಗಿಯರಿಗೆ ಕೆಲಸ ಕಲಿಸಿಕೊಡುವಂತೆ ಕೇಳಿಕೊಂಡರು. ಮುಂದಿನ ಆಯುಧಪೂಜೆಗೆ ಇಡೀ ವಿಭಾಗಕ್ಕೆ ಸೀರೆ ಕೊಟ್ಟರು. ಆಕೆ ಅನಂತರವೂ ಅನೇಕ ಋತುಗಳ ಕಾಲ ಅದೇ ಮೇಜಿನಲ್ಲಿ ದುಡಿದರು ಎಂದು ಕೇಳಿದ್ದೇನೆ.

ಈ ಬಾರಿಯ ಕುಯ್ಲು ಆರಂಭವಾಗುವ ಮುನ್ನ ನಮ್ಮ ಸದಸ್ಯ ಬಂಧುಗಳು ತಮ್ಮಲ್ಲಿ ದುಡಿಯುವವರ ಹೆಸರುಗಳನ್ನು ಒಮ್ಮೆ ಬರೆದು, ಪ್ರತಿ ಹೆಸರಿನ ಮುಂದೆ ಆ ವ್ಯಕ್ತಿಗೆ ಯಾವುದು ಸಂತೋಷ ಕೊಡುತ್ತದೆ ಎಂಬುದನ್ನು ನಮೂದಿಸಲು ಯತ್ನಿಸಲಿ. ಖಾಲಿ ಉಳಿದ ಹೆಸರುಗಳಿದ್ದರೆ, ಅವರೊಡನೆ ಮಾತನಾಡುವುದೇ ಮೊದಲ ಕೆಲಸ.