ನೂರು ಯೆನ್ನಿನ ಆಟ ಮುಗಿಯಿತೆ?

ಟೀ ಬೆಲೆ ಏರಿತು, ಬಸ್ ಚಾರ್ಜು ಏರಿತು, ಅಂಗಡಿ ಬಾಡಿಗೆಯ ಮಾತಂತೂ ಎತ್ತುವುದೇ ಬೇಡ. ನಲವತ್ತು ವರ್ಷ ಮೇಲ್ಪಟ್ಟು ಒಂದೇ ದರಕ್ಕೆ ಮಾರಿದ ಸರಕು ಯಾವುದಾದರೂ ಇದೆಯೇ ಅಂತ ಪೇಟೆಯ ಯಾವ ವರ್ತಕನನ್ನು ಕೇಳಿದರೂ ನಕ್ಕುಬಿಟ್ಟಾನು. ಆದರೆ ಅಂಥದೊಂದು ಸರಕು ಇದೆ. ಅದು ಜಪಾನಿನ ವಿಡಿಯೋ ಗೇಮ್ ಅಂಗಡಿಯ ಒಂದು ಆಟ. 1978ರಲ್ಲಿ ಅದಕ್ಕೆ ಒಂದು ನೂರು ಯೆನ್ ನಾಣ್ಯ ಹಾಕಬೇಕಿತ್ತು. ಇವತ್ತಿಗೂ ಬಹುಪಾಲು ಯಂತ್ರಗಳಿಗೆ ಹಾಕುವುದು ಅದೇ ನಾಣ್ಯ. ನಮ್ಮ ಲೆಕ್ಕದಲ್ಲಿ ಐವತ್ತೈದು, ಅರವತ್ತು ರೂಪಾಯಿ ಅಂದುಕೊಳ್ಳಿ. ಅಂಗಡಿಯನ್ನು ಸಾಕಿ ಬೆಳೆಸಿದ ಆ ನಾಣ್ಯವೇ ಈಗ ಅಂಗಡಿಯ ಕುತ್ತಿಗೆ ಹಿಸುಕುತ್ತಿದೆ!

1980ರ ದಶಕದ ನಡುವೆ ಜಪಾನಿನಲ್ಲಿ ಇಂಥ ಅಂಗಡಿಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚಿದ್ದವು. 2019ರ ಹೊತ್ತಿಗೆ ಉಳಿದದ್ದು ಸುಮಾರು ನಾಲ್ಕು ಸಾವಿರ. ಕೊರೊನಾ ಬಂದದ್ದು ಆಮೇಲೆ. ಎಲ್ಲಾ ಪಾಪವನ್ನೂ ಆ ರೋಗದ ತಲೆಗೆ ಕಟ್ಟುವವರು ಈ ಲೆಕ್ಕವನ್ನು ಒಮ್ಮೆ ನೋಡುವುದು ಒಳ್ಳೆಯದು. ರೋಗ ಬರುವ ಮೊದಲೇ ಐದರಲ್ಲಿ ನಾಲ್ಕು ಅಂಗಡಿ ಷಟರ್ ಎಳೆದಾಗಿತ್ತು.

ಐವತ್ತೈದು ರಾಕ್ಷಸರ ಕಾಲ

ಈ ವ್ಯಾಪಾರಕ್ಕೆ ಬೋಣಿ ಮಾಡಿದವರು ಟೈಟೊ ಎಂಬ ಕಂಪನಿಯ ತೊಮೊಹಿರೊ ನಿಷಿಕಾಡೊ. ಅವರು ಮಾಡಿದ ಆಟ ‘ಸ್ಪೇಸ್ ಇನ್ವೇಡರ್ಸ್’. ಸಾಲಿಗೆ ಹನ್ನೊಂದರಂತೆ ಐದು ಸಾಲು, ಒಟ್ಟು ಐವತ್ತೈದು ಅನ್ಯಲೋಕದ ಪ್ರಾಣಿಗಳು ಮೇಲಿನಿಂದ ಇಳಿದು ಬರುತ್ತವೆ, ಆಡುವವನು ಕೆಳಗಿನಿಂದ ಗುಂಡು ಹಾರಿಸಬೇಕು. ಕಡಿಮೆಯಾದಷ್ಟೂ ಅವುಗಳ ಓಟ ಜೋರು. ಇದರಲ್ಲೊಂದು ತಮಾಷೆ ಇದೆ. ಆ ಕಾಲದ ಯಂತ್ರಕ್ಕೆ ಐವತ್ತೈದನ್ನೂ ಒಟ್ಟಿಗೆ ಬೇಗ ಚಿತ್ರಿಸುವ ತಾಕತ್ತು ಇರಲಿಲ್ಲ. ಸತ್ತವು ಸತ್ತಂತೆ ಭಾರ ಇಳಿದು ಯಂತ್ರ ಓಡತೊಡಗುತ್ತಿತ್ತು. ನಿಷಿಕಾಡೊ ಅದನ್ನು ಸರಿಮಾಡದೆ ಹಾಗೇ ಬಿಟ್ಟರು. ಯಂತ್ರದ ಆ ದೌರ್ಬಲ್ಯವೇ ಆಟದ ರುಚಿಯಾಯಿತು.

ಕಾಫಿ ಹೋಟೆಲಿನವರು ತಮ್ಮ ಮೇಜು ತೆಗೆದು, ಮೇಜಿನಂತೆಯೇ ಇರುವ ಈ ಯಂತ್ರ ಇಟ್ಟರು. ಮೇಲೆ ಕಾಫಿ ಲೋಟ, ಕೆಳಗೆ ಗಾಜಿನೊಳಗೆ ಯುದ್ಧ. ಬರೀ ಇದೊಂದೇ ಆಟ ಇಟ್ಟುಕೊಂಡು ‘ಇನ್ವೇಡರ್ ಹೌಸ್’ ಎಂದು ಅಂಗಡಿ ತೆರೆದವರೂ ಬಹಳ. ಆಟದ ದೆಸೆಯಿಂದ ಜಪಾನಿನಲ್ಲಿ ನೂರು ಯೆನ್ ನಾಣ್ಯಕ್ಕೇ ಬರ ಬಂತು, ಸರ್ಕಾರ ಹೆಚ್ಚು ನಾಣ್ಯ ಅಚ್ಚು ಹಾಕಬೇಕಾಯ್ತು ಎಂಬ ಕಥೆಯನ್ನು ಇಂದಿಗೂ ಹೇಳುತ್ತಾರೆ. ಕಥೆ ಚೆನ್ನಾಗಿದೆ, ಆದರೆ ಟಂಕಸಾಲೆಯ ಲೆಕ್ಕ ಅದನ್ನು ಒಪ್ಪುವುದಿಲ್ಲ. ಆ ವರ್ಷಗಳಲ್ಲಿ ಅಚ್ಚಾದದ್ದು ಅದಕ್ಕೂ ಕೆಲವು ವರ್ಷ ಹಿಂದಿನದಕ್ಕಿಂತ ಕಡಿಮೆ. ಗಲ್ಲಾಪೆಟ್ಟಿಗೆ ತುಂಬಿ ಚೆಲ್ಲಿದ್ದಂತೂ ಸುಳ್ಳಲ್ಲ.

ದುಡ್ಡು ಬಂದ ಕಡೆ ಪೊಲೀಸರೂ ಬರುತ್ತಾರೆ. ಮಕ್ಕಳು ಹಾಳಾಗುತ್ತಿದ್ದಾರೆ, ಮನೆಯಲ್ಲಿ ಚಿಲ್ಲರೆ ಕದಿಯುತ್ತಿದ್ದಾರೆ ಎಂಬ ಕೂಗೆದ್ದು, 1984ರಲ್ಲಿ ಕಾನೂನು ತಿದ್ದುಪಡಿಯಾಗಿ 1985ರಿಂದ ಜಾರಿಗೆ ಬಂತು. ಕ್ಯಾಬರೆ, ಪಚಿಂಕೊ ಅಡ್ಡೆಗಳಿಗಿದ್ದ ಕಾಯ್ದೆಯೊಳಕ್ಕೇ ವಿಡಿಯೋ ಗೇಮ್ ಅಂಗಡಿಯನ್ನೂ ಎಳೆದು ತರಲಾಯಿತು. ಲೈಸೆನ್ಸ್ ಕಡ್ಡಾಯ, ನಡುರಾತ್ರಿ ಮೇಲೆ ಬಂದ್, ಸಂಜೆಯಾದ ಮೇಲೆ ಚಿಕ್ಕ ಮಕ್ಕಳಿಗೆ ಪ್ರವೇಶವಿಲ್ಲ. ರಾತ್ರಿಯಿಡೀ ತೆರೆದು ಬದುಕುತ್ತಿದ್ದ ಸಣ್ಣ ಅಂಗಡಿಗಳಿಗೆ ಮೊದಲ ಏಟು ಬಿದ್ದದ್ದು ಇಲ್ಲಿ.

ಈ ಸಂಗತಿ ಕರ್ನಾಟಕಕ್ಕೂ ಹೊಸದಲ್ಲ. ಬೆಂಗಳೂರಿನಲ್ಲಿ ವಿಡಿಯೋ ಗೇಮ್ ಪಾರ್ಲರ್ ನಡೆಸುತ್ತಿದ್ದವರು ಪೊಲೀಸ್ ಲೈಸೆನ್ಸ್ ಯಾಕೆ ಬೇಕು ಎಂದು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. ಎಂ. ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ ಎಂದೇ ಆ ಮೊಕದ್ದಮೆಗೆ ಹೆಸರು. 1995ರಲ್ಲಿ ತೀರ್ಪು ಪಾರ್ಲರಿನವರಿಗೆ ವಿರುದ್ಧವಾಯಿತು. ಆಟದಲ್ಲಿ ಕೈಚಳಕ ಇರಲಿ, ಅದೃಷ್ಟ ಇರಲಿ, ಇಂಥ ಜಾಗವನ್ನು ಲೈಸೆನ್ಸಿನ ಹಿಡಿತದಲ್ಲಿಡುವ ಅಧಿಕಾರ ಸರ್ಕಾರಕ್ಕೆ ಇದೆ ಎಂದಿತು ಕೋರ್ಟು. ಇಸ್ಪೀಟಿನ ಯಂತ್ರ ಇಟ್ಟು ದುಡ್ಡು ಕಟ್ಟಿಸುತ್ತಿದ್ದವರೂ, ಹುಡುಗರಿಗೆ ಕಾರು ಓಡಿಸುವ ಆಟ ಇಟ್ಟವರೂ ಕಾನೂನಿನ ಕಣ್ಣಿಗೆ ಅಕ್ಕಪಕ್ಕದವರಾಗಿಬಿಟ್ಟರು. ಆಮೇಲೆ ಬಸ್ ಸ್ಟ್ಯಾಂಡ್ ಪಕ್ಕದ ಪಾರ್ಲರು ಹೋಗಿ ಸೈಬರ್ ಕೆಫೆ ಬಂತು, ಸೈಬರ್ ಕೆಫೆ ಹೋಗಿ ಜೇಬಿಗೆ ಮೊಬೈಲ್ ಬಂತು. ಈಗ ಸರ್ಕಾರದ ಕಣ್ಣು ಮೊಬೈಲಿನ ಮೇಲೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಕ್ಕೆ ಕೇಂದ್ರ ಸರ್ಕಾರ 2025ರಲ್ಲಿ ನಿಷೇಧದ ಕಾಯ್ದೆಯನ್ನೇ ತಂದಿತು.

ಸೋತವನು ಎದ್ದೇಳಬೇಕು

ಮತ್ತೆ ಜಪಾನಿಗೆ. 1983ರಲ್ಲಿ ನಿಂಟೆಂಡೊ ಕಂಪನಿಯ ಫ್ಯಾಮಿಕಾಂ ಪೆಟ್ಟಿಗೆ 14,800 ಯೆನ್ನಿಗೆ ಮಾರುಕಟ್ಟೆಗೆ ಬಂತು. ನೂರನಲವತ್ತೆಂಟು ಸಲ ಅಂಗಡಿಗೆ ಹೋಗಿ ಆಡುವ ದುಡ್ಡಿಗೆ ಯಂತ್ರವೇ ಮನೆಯಲ್ಲಿ! ಅಂಗಡಿಯವರ ಕಥೆ ಮುಗಿಯಿತು ಎಂದು ಆಗಲೇ ಹೇಳಿದವರಿದ್ದರು. ಮುಗಿಯಲಿಲ್ಲ. 1991ರಲ್ಲಿ ಕ್ಯಾಪ್ಕಾಮಿನವರ ‘ಸ್ಟ್ರೀಟ್ ಫೈಟರ್ 2’ ಬಂದು ಅಂಗಡಿಗಳನ್ನು ಎತ್ತಿ ನಿಲ್ಲಿಸಿತು.

ಅದರ ಗುಟ್ಟು ವ್ಯಾಪಾರಿಗಳಿಗೆ ಥಟ್ಟನೆ ಹೊಳೆಯುತ್ತದೆ. ಹಳೆಯ ಆಟಗಳಲ್ಲಿ ಪಳಗಿದ ಹುಡುಗನೊಬ್ಬ ಒಂದೇ ನಾಣ್ಯಕ್ಕೆ ಅರ್ಧ ಗಂಟೆ, ಒಂದು ಗಂಟೆ ಕೂತುಬಿಡುತ್ತಿದ್ದ. ಅಂಗಡಿಯವನು ಹಲ್ಲು ಕಚ್ಚಿಕೊಂಡು ನೋಡುತ್ತಿರಬೇಕಿತ್ತು. ಇಬ್ಬರು ಹೊಡೆದಾಡುವ ಆಟದಲ್ಲಿ ಹಾಗಲ್ಲ, ಎರಡು ಮೂರು ನಿಮಿಷಕ್ಕೆ ಒಬ್ಬ ಸೋಲಲೇಬೇಕು. ಸೋತವನು ಎದ್ದೇಳಬೇಕು, ಇಲ್ಲವೇ ಇನ್ನೊಂದು ನಾಣ್ಯ ಹಾಕಬೇಕು. ಎರಡು ಯಂತ್ರಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಇಟ್ಟರು. ಎದುರಾಳಿಯ ಮುಖ ಕಾಣದು, ಗುಂಡಿ ಒತ್ತುವ ಸದ್ದು ಮಾತ್ರ ಕೇಳುತ್ತದೆ. ಅಪರಿಚಿತರೊಂದಿಗೆ ಸೆಣಸಲು ಹುಡುಗರು ರೈಲು ಹಿಡಿದು ಬೇರೆ ಬೇರೆ ಬಡಾವಣೆಗೆ ಹೋಗುತ್ತಿದ್ದರು. ಬಾಡಿಗೆ ಕಟ್ಟಿ ಮಿಗುವಷ್ಟು ಸಂಪಾದನೆ ಆ ಹತ್ತು ವರ್ಷ ಇತ್ತು.

ಆ ಗಿರಾಕಿಯನ್ನು ಕಿತ್ತುಕೊಂಡದ್ದು ಇಂಟರ್ನೆಟ್. ಅಪರಿಚಿತ ಎದುರಾಳಿ ಮನೆಯ ಟಿ.ವಿ.ಯೊಳಗೇ ಸಿಗತೊಡಗಿದ ಮೇಲೆ ರೈಲು ಹತ್ತುವುದು ಯಾಕೆ?

ಏರಿಸಲಾಗದ ಬೆಲೆ

“ಬೆಲೆ ಏರಿಸಿದರಾಯ್ತಪ್ಪ” ಅನ್ನಬಹುದು ಯಾರಾದರೂ. ಕಷ್ಟ ಇರುವುದು ಅಲ್ಲೇ. ಯಂತ್ರದ ಕಿಂಡಿ ನೂರು ಯೆನ್ ನಾಣ್ಯ ಮಾತ್ರ ನುಂಗುತ್ತದೆ. ನೂರಹತ್ತು ಎಂದು ಬೋರ್ಡು ಬರೆದರೆ ಹತ್ತು ಯೆನ್ ಹಾಕುವುದೆಲ್ಲಿ? ಎರಡು ನಾಣ್ಯ ಮಾಡಿದರೆ ಒಮ್ಮೆಗೇ ಬೆಲೆ ಇಮ್ಮಡಿ, ಗಿರಾಕಿ ಪಕ್ಕದ ಅಂಗಡಿಗೆ ನಡೆದಾನು.

ಇತ್ತ ಜಪಾನ್ ಸರ್ಕಾರ 1989ರಲ್ಲಿ ಶೇ. 3ರ ಬಳಕೆ ತೆರಿಗೆ ಹಾಕಿತು. 1997ರಲ್ಲಿ ಅದು ಶೇ. 5 ಆಯಿತು, 2014ರಲ್ಲಿ 8, 2019ರ ಅಕ್ಟೋಬರಿನಲ್ಲಿ 10. ಉಳಿದ ಅಂಗಡಿಯವರು ಬಿಲ್ಲಿಗೆ ಸೇರಿಸಿ ಗಿರಾಕಿಯ ತಲೆಗೆ ಕಟ್ಟಿದರು. ಗೇಮ್ ಅಂಗಡಿಯವನು ಕೈಯಿಂದ ಕಟ್ಟಿದ. ಹಾಕಿದ ನೂರು ಯೆನ್ನಿನಲ್ಲಿ ತೆರಿಗೆ ಕಳೆದರೆ ಇವನ ಪಾಲಿಗೆ ಉಳಿಯುವುದು ತೊಂಬತ್ತೊಂದಕ್ಕೂ ಕೊಂಚ ಕಮ್ಮಿ. ಅದರಲ್ಲಿ ಬಾಡಿಗೆ, ಕರೆಂಟು, ಹುಡುಗರ ಸಂಬಳ. ಜಿ.ಎಸ್.ಟಿ. ರಿಟರ್ನ್ ತುಂಬಿ ಕೈ ಸೋತಿರುವ ನಮ್ಮ ಪೇಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಸಾಲದ್ದಕ್ಕೆ ಹೊಸ ಯಂತ್ರಗಳು ಇಂಟರ್ನೆಟ್ಟಿಗೆ ಕಟ್ಟುಬಿದ್ದವು. ಮೊದಲು ಯಂತ್ರ ಕೊಂಡರೆ ಅದರ ಸಂಪಾದನೆಯೆಲ್ಲ ಅಂಗಡಿಯವನದೇ. ಈಗ ಅನೇಕ ಆಟಗಳಲ್ಲಿ ಪ್ರತಿ ನಾಣ್ಯದಿಂದಲೂ ತಯಾರಕ ಕಂಪನಿಗೆ ಪಾಲು ಹೋಗುತ್ತದೆ. ಯಂತ್ರ ಇವನದು, ಜಾಗ ಇವನದು, ಗಲಾಟೆ ಬಿಡಿಸುವವನು ಇವನು. ಪಾಲು ಮಾತ್ರ ಅವರಿಗೆ.

ದೊಡ್ಡವರೇ ಕೈಬಿಟ್ಟರು

2020ರ ಏಪ್ರಿಲಿನಲ್ಲಿ ಕೊರೊನಾ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಅಂಗಡಿಗಳು ಬಾಗಿಲು ಹಾಕಿದವು. ಅನೇಕವು ಮತ್ತೆ ತೆಗೆಯಲೇ ಇಲ್ಲ. ಟೋಕಿಯೊದ ಅಕಿಹಬಾರದಲ್ಲಿ ಹೆಸರುವಾಸಿಯಾಗಿದ್ದ ಸೆಗಾ ಕಂಪನಿಯ ಎರಡನೇ ಕಟ್ಟಡ ಆ ವರ್ಷದ ಆಗಸ್ಟ್ 30ರಂದು ಮುಚ್ಚಿತು. ಕೊನೆಯ ದಿನ ಜನ ರಸ್ತೆಗೆ ಬಂದು ನಿಂತರು. ಅಷ್ಟು ಜನ ದಿನಾ ಒಳಗೆ ಬಂದಿದ್ದರೆ ಮುಚ್ಚುವ ಪ್ರಮೇಯ ಬರುತ್ತಿತ್ತೇ ಎಂದು ಕೇಳುವುದು ಕಟುವಾದೀತು, ಆದರೂ ಕೇಳಬೇಕಾದ ಮಾತು.

ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಈ ದಂಧೆಯಲ್ಲಿದ್ದ ಸೆಗಾ, ತನ್ನ ಅಂಗಡಿಗಳ ಕಂಪನಿಯಲ್ಲಿ ಶೇ. 85.1 ಪಾಲನ್ನು 2020ರ ಕೊನೆಗೆ ಜೆಂಡಾ ಎಂಬ ಕಂಪನಿಗೆ ಮಾರಿತು. ಉಳಿದ ಪಾಲನ್ನೂ 2022ರ ಜನವರಿಯಲ್ಲಿ ಕೊಟ್ಟು ಕೈ ತೊಳೆದುಕೊಂಡಿತು. ಬೀದಿಬೀದಿಯಲ್ಲಿ ನೀಲಿ ಅಕ್ಷರದಲ್ಲಿದ್ದ ಸೆಗಾ ಬೋರ್ಡು ಇಳಿದು ಗಿಗೊ ಎಂಬ ಕೆಂಪು ಬೋರ್ಡು ಏರಿತು. ಆಟ ತಯಾರಿಸುವ ಸೆಗಾ ಈಗಲೂ ಇದೆ, ಆಡಿಸುವ ಅಂಗಡಿ ಮಾತ್ರ ಅದಕ್ಕೆ ಬೇಡವಾಯಿತು.

ಕವಾಸಕಿಯಲ್ಲಿ ಹಾಂಕಾಂಗಿನ ಹಳೆಯ ಕೌಲೂನ್ ಕೊಳೆಗೇರಿಯಂತೆಯೇ ಒಳಾಂಗಣ ಕಟ್ಟಿ, ತುಕ್ಕು ಹಿಡಿದ ತಗಡು, ಒಣಹಾಕಿದ ಬಟ್ಟೆ ಸಮೇತ ನಿಲ್ಲಿಸಿದ ಒಂದು ವಿಚಿತ್ರ ಅಂಗಡಿಯಿತ್ತು. ಪರದೇಶದ ಪ್ರವಾಸಿಗಳು ಹುಡುಕಿಕೊಂಡು ಬರುತ್ತಿದ್ದರು. ಅದೂ 2019ರ ನವೆಂಬರಿನಲ್ಲಿ ಮುಚ್ಚಿತು, ಕೊರೊನಾಕ್ಕೆ ಮುಂಚೆಯೇ. ಫೋಟೋ ಹೊಡೆಯುವವರೆಲ್ಲ ನಾಣ್ಯ ಹಾಕುವುದಿಲ್ಲ.

ಗೊಂಬೆ ಎತ್ತುವ ಕೊಕ್ಕೆ

ಹಾಗಾದರೆ ಜೆಂಡಾ ಕಂಪನಿಗೆ ತಲೆ ಕೆಟ್ಟಿದೆಯೇ? ಇಲ್ಲ. ಅವರ ಕಣ್ಣು ಇರುವುದು ಗಾಜಿನ ಪೆಟ್ಟಿಗೆಯ ಮೇಲೆ. ಮೇಲಿನಿಂದ ಕೊಕ್ಕೆ ಇಳಿದು ಗೊಂಬೆ ಎತ್ತುವ ಯಂತ್ರ ನಮ್ಮ ಮಾಲುಗಳಲ್ಲೂ ಇದೆ, ಮಕ್ಕಳು ಹಠ ಹಿಡಿಯುವುದೂ ಅಲ್ಲೇ. ಸೆಗಾ ಇದನ್ನು 1985ರಲ್ಲಿ ‘ಯು.ಎಫ್.ಓ. ಕ್ಯಾಚರ್’ ಎಂಬ ಹೆಸರಿನಲ್ಲಿ ತಂದಿತ್ತು. ಇಂದು ಜಪಾನಿನ ಗೇಮ್ ಅಂಗಡಿಗಳ ಸಂಪಾದನೆಯಲ್ಲಿ ಅರ್ಧಕ್ಕೂ ಹೆಚ್ಚು ಈ ಕೊಕ್ಕೆಯದೇ. ಬೇರೆಲ್ಲೂ ಕೊಳ್ಳಲು ಸಿಗದ ಕಾರ್ಟೂನ್ ಗೊಂಬೆಗಳನ್ನು ಒಳಗಿಡುತ್ತಾರೆ. ಬಹುಮಾನದ ಬೆಲೆ ಸುಮಾರು 800 ಯೆನ್ ಮೀರಬಾರದೆಂದಿದ್ದ ಮಿತಿ 2022ರಲ್ಲಿ ಸಾವಿರಕ್ಕೇರಿತು. ಸಾವಿರ ಯೆನ್ನಿನ ಗೊಂಬೆಗೆ ಎರಡು ಸಾವಿರ ಸುರಿದು ಹೋಗುವವರು ಕಡಿಮೆಯಿಲ್ಲ. ಕೊಕ್ಕೆಯ ಬಿಗಿ ಎಷ್ಟಿರಬೇಕೆಂದು ನಿಗದಿ ಮಾಡುವವನು ಅಂಗಡಿಯವನೇ ಅಲ್ಲವೇ! ಆದರೂ ಅಲ್ಲಿಯವರು ಮರ್ಯಾದಸ್ಥರು. ಬಹಳ ಹೊತ್ತು ಸೋತವನು ಕೇಳಿಕೊಂಡರೆ ಹುಡುಗ ಬಂದು ಬೀಗ ತೆಗೆದು ಗೊಂಬೆಯನ್ನು ಅನುಕೂಲದ ಜಾಗಕ್ಕೆ ಸರಿಸಿಕೊಡುತ್ತಾನೆ.

ಇನ್ನು ಹಗಲು ಹೊತ್ತಿನಲ್ಲಿ ಕುರ್ಚಿ ತುಂಬುವವರು ಮುದುಕರು, ಮುದುಕಿಯರು. ಬಿಲ್ಲೆ ಹಾಕಿ ಬಿಲ್ಲೆ ಗೆಲ್ಲುವ ಯಂತ್ರದ ಮುಂದೆ ಕೂರುತ್ತಾರೆ. ಗೆದ್ದ ಬಿಲ್ಲೆಯನ್ನು ದುಡ್ಡಿಗೆ ಬದಲಾಯಿಸುವಂತಿಲ್ಲ, ಅಂಗಡಿಯಲ್ಲೇ ಜಮಾ ಇಟ್ಟು ನಾಳೆ ಬಂದು ಆಡಬಹುದು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬಿಸಿ, ಪಕ್ಕದಲ್ಲಿ ಮಾತಿಗೊಬ್ಬರು. ಒಂದು ಕಾಲಕ್ಕೆ ಮಕ್ಕಳನ್ನು ಕೆಡಿಸುವ ಜಾಗ ಎನಿಸಿದ್ದು ಈಗ ಅಜ್ಜಂದಿರ ಜಗಲಿ.

ಹಳೆಯ ಗುಂಡಿ ಒತ್ತುವ ಆಟಗಳನ್ನೇ ನಂಬಿ ಕೂತವರದು ನಿಜವಾದ ಪಡಿಪಾಟಲು. ಟೋಕಿಯೊದ ತಕದನೊಬಬಾದಲ್ಲಿರುವ ಮಿಕಾಡೊ ಅಂಥದೊಂದು ಅಂಗಡಿ. 2020ರಲ್ಲಿ ಅದು ಜನರ ಮುಂದೆ ಕೈ ಚಾಚಿತು, ಅಭಿಮಾನಿಗಳು ಚಂದಾ ಎತ್ತಿ ಉಳಿಸಿದರು. ಪಂದ್ಯ ಇಟ್ಟು, ಅದನ್ನು ಇಂಟರ್ನೆಟ್ಟಿನಲ್ಲಿ ತೋರಿಸಿ, ಅದರಿಂದ ಹೊಸ ಗಿರಾಕಿಯನ್ನು ಎಳೆಯುವುದು ಅವರ ದಾರಿ. ಅಮೆರಿಕದಲ್ಲಿ ಷಿಕಾಗೊ ಹತ್ತಿರದ ಗ್ಯಾಲಪಿಂಗ್ ಘೋಸ್ಟ್ ಎಂಬ ಅಂಗಡಿ 2010ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಬಾಗಿಲಲ್ಲೇ ದಿನದ ಟಿಕೇಟು, ಒಳಗಿನ ನೂರಾರು ಯಂತ್ರದಲ್ಲಿ ಎಷ್ಟಾದರೂ ಆಡಿ, ನಾಣ್ಯವೇ ಬೇಡ. ಕಿಂಡಿಯ ತಾಪತ್ರಯವೂ ಇಲ್ಲ, ಟಿಕೇಟಿನ ದರ ಏರಿಸಲು ಅಡ್ಡಿಯೂ ಇಲ್ಲ. ನಮ್ಮ ಮಾಲಿನವರು ಕಾರ್ಡಿಗೆ ಮೊದಲೇ ದುಡ್ಡು ತುಂಬಿಸಿಕೊಳ್ಳುವುದರ ಹಿಂದೆಯೂ ಇದೇ ಜಾಣತನ. ಉಜ್ಜಿದಾಗ ಎಷ್ಟು ಹೋಯಿತೆಂದು ಯಾರು ನೋಡುತ್ತಾರೆ?

ಇವರೆಲ್ಲರ ಹೆದರಿಕೆ ಮಾತ್ರ ಒಂದೇ. ಹಳೆಯ ಯಂತ್ರದೊಳಗಿರುವುದು ಹಿಂದಿನ ಡಬ್ಬಾ ಟಿ.ವಿ.ಯ ದಪ್ಪ ಗಾಜಿನ ಪಿಕ್ಚರ್ ಟ್ಯೂಬು. ಅದರ ತಯಾರಿಕೆ ನಿಂತು ವರ್ಷಗಳಾದವು. ಒಂದು ಟ್ಯೂಬು ಸುಟ್ಟರೆ ಇನ್ನೊಂದು ಕೆಟ್ಟ ಯಂತ್ರದಿಂದ ಬಿಚ್ಚಿ ಹಾಕಬೇಕು. ಸರ್ಕೀಟಿನ ಬೋರ್ಡುಗಳದೂ ಅದೇ ಪಾಡು. ಪಕ್ಕದೂರಿನಲ್ಲಿ ಒಂದು ಅಂಗಡಿ ಮುಚ್ಚಿತೆಂದರೆ ಉಳಿದವರು ಮೊದಲು ವಿಚಾರಿಸುವುದು ಅಲ್ಲಿಯ ಯಂತ್ರಗಳು ಯಾರ ಪಾಲಾದವು, ಅದರಲ್ಲಿ ಟ್ಯೂಬು ನೆಟ್ಟಗಿರುವುದು ಎಷ್ಟು ಎಂದೇ.