ಪಸ್ತಾಪುರದ ಹೆಂಗಸರ ಕೈಗೆ ಕ್ಯಾಮೆರಾ ಬಂದ ದಾರಿ

ಬೆಂಗಳೂರಿನವರು ತಮ್ಮದೇ ದೂರದರ್ಶನ ಕೇಂದ್ರಕ್ಕಾಗಿ 1981ರವರೆಗೆ ಕಾಯಬೇಕಾಯಿತು. ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ನೂರಾರು ಹಳ್ಳಿಗರು ಅದಕ್ಕೂ ಆರು ವರ್ಷ ಮೊದಲೇ ಟಿ.ವಿ. ಮುಂದೆ ಕೂತಿದ್ದರು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು ಇಸ್ರೊ ನಡೆಸಿದ ‘ಸೈಟ್’ ಪ್ರಯೋಗ ಅದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಆಕಾಶದಿಂದ ನೇರವಾಗಿ ಇಳಿದವು. ಅವುಗಳನ್ನು ಹಿಡಿಯುತ್ತಿದ್ದುದು ಶಾಲೆ, ಪಂಚಾಯಿತಿ ಕಟ್ಟಡಗಳ ಬಳಿ ನಿಲ್ಲಿಸಿದ್ದ ಮೂರು ಮೀಟರ್ ಅಗಲದ ಆಂಟೆನಾ. ಕೋಳಿಗೂಡಿಗೆ ಬಳಸುವಂಥ ತಂತಿ ಜಾಲರಿಯಿಂದ ಮಾಡಿದ್ದು.

ಕಳಿಸುವ ತಂತ್ರವನ್ನು ಎಂಜಿನಿಯರುಗಳು ಸಾಧಿಸಿದರು. ಆದರೆ ತೋರಿಸುವುದು ಏನನ್ನು? ದೇಶದಲ್ಲಿ ಟಿ.ವಿ. ಕಾರ್ಯಕ್ರಮ ಮಾಡಬಲ್ಲವರೇ ವಿರಳ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಟಿ.ವಿ. ತರಬೇತಿ ವಿಭಾಗ ದೆಹಲಿಯಿಂದ ಬಂದದ್ದೇ 1974ರಲ್ಲಿ. ಕನ್ನಡ, ತೆಲುಗು ಕಾರ್ಯಕ್ರಮಗಳ ಹೊಣೆ ಹೈದರಾಬಾದಿನ ಕೇಂದ್ರಕ್ಕೆ ಬಿತ್ತು.

ಆಗಿನ ವಿಡಿಯೊ ಕೆಲಸ ಎಷ್ಟು ಕಷ್ಟದ್ದೆಂದು ಇಂದು ಮೊಬೈಲಿನಲ್ಲೇ ಎಡಿಟ್ ಮಾಡುವವರಿಗೆ ಹೇಳಿದರೂ ನಂಬಲಾರರು. ಒಂದು ರೆಕಾರ್ಡರಿನಲ್ಲಿ ಮೂಲ ಟೇಪು ಓಡಿಸಿ, ಬೇಕಾದ ಶಾಟನ್ನು ಇನ್ನೊಂದಕ್ಕೆ ಇಳಿಸಿಕೊಳ್ಳಬೇಕು. ಹಾಗೆ ಒಂದರ ಹಿಂದೆ ಒಂದನ್ನು ಜೋಡಿಸುತ್ತ ಹೋಗಬೇಕು. ಎಲ್ಲ ಮುಗಿದ ಮೇಲೆ ಮೂರನೇ ಶಾಟ್ ತುಸು ಉದ್ದವಾಯಿತು ಅನ್ನಿಸಿದರೆ, ಅಲ್ಲಿಂದ ಮುಂದಿನದೆಲ್ಲವನ್ನೂ ಮತ್ತೆ ಮೊದಲಿನಿಂದ ಜೋಡಿಸಬೇಕು. ಕಾಪಿಯಿಂದ ಕಾಪಿಗೆ ಚಿತ್ರ ಮಸುಕಾಗುತ್ತಿತ್ತು ಬೇರೆ. ಹಾಗಾಗಿ ಕ್ಯಾಮೆರಾ ಚಾಲೂ ಮಾಡುವ ಮೊದಲೇ ಇಡೀ ಕಾರ್ಯಕ್ರಮ ತಲೆಯೊಳಗೆ ಸಿದ್ಧವಾಗಿರಬೇಕಿತ್ತು. ಆ ಕಾಲದ ಪ್ರೊಡ್ಯೂಸರುಗಳಿಗೆ ದಕ್ಕಿದ ಶಿಸ್ತು ಇದರಿಂದಲೇ ಬಂದದ್ದು.

ಉಳಿದ ಪಾಠವನ್ನು ಕಲಿಸಿದವರು ನೋಡುಗರು. ಇಸ್ರೊ ತನ್ನ ಸಮಾಜ ವಿಜ್ಞಾನಿಗಳನ್ನು ಹಳ್ಳಿಗಳಲ್ಲೇ ಇರಿಸಿ, ಜನ ಯಾವುದನ್ನು ನೋಡುತ್ತಾರೆ, ಯಾವಾಗ ಎದ್ದುಹೋಗುತ್ತಾರೆ ಎಂದು ಗಮನಿಸಿತು. ಹಳ್ಳಿಗರಿಗೆ ಹಾಡು ಕುಣಿತ ಸಾಕು ಎಂದುಕೊಂಡವರ ಲೆಕ್ಕ ತಪ್ಪಿತು. ಬೇಸಾಯ, ಆರೋಗ್ಯದಂಥ ಉಪಯೋಗದ ಮಾತನ್ನೇ ಅವರು ಹೆಚ್ಚು ಮೆಚ್ಚಿದ್ದರು. ಅದೇ ಹೊತ್ತಿಗೆ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇಸ್ರೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾರ್ಯಕ್ರಮ ಕಟ್ಟುವುದರಲ್ಲೇ ಊರವರನ್ನು ಸೇರಿಸಿಕೊಂಡಿತು.

ಸೈಟ್‌ನಲ್ಲಿ ದುಡಿದವರಲ್ಲಿ ಮೈಸೂರಿನ ಪಿ.ವಿ. ಸತೀಶ್ ಒಬ್ಬರು. ಪತ್ರಕರ್ತರಾಗಿದ್ದ ಅವರು ದೂರದರ್ಶನಕ್ಕೆ ಬಂದು, ಆಗಿನ ಆಂಧ್ರಪ್ರದೇಶದ ಹಳ್ಳಿಗಳ ಬಗ್ಗೆ ಎರಡು ದಶಕದ ಹತ್ತಿರ ಕಾರ್ಯಕ್ರಮ ಮಾಡಿದರು. 1983ರಲ್ಲಿ ಗೆಳೆಯರೊಂದಿಗೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ಬೀದರಿನಿಂದ ಹೈದರಾಬಾದಿಗೆ ಹೋಗುವ ಹಾದಿಯಲ್ಲಿ ಸಿಗುವ ಜಹೀರಾಬಾದಿನ ಪಕ್ಕದ ಪಸ್ತಾಪುರವೇ ಅದರ ನೆಲೆ. ಸುತ್ತಲಿನ ಊರುಗಳಲ್ಲಿ ದಲಿತ ರೈತ ಮಹಿಳೆಯರ ಸಂಘಗಳು ಎದ್ದು ನಿಂತವು. ಬೀಳುಬಿದ್ದ ಹೊಲಗಳಲ್ಲಿ ಮತ್ತೆ ಜೋಳ, ಸಿರಿಧಾನ್ಯ ಬೆಳೆದವು.

ಮುಂದೆ ಇದೇ ಮಹಿಳೆಯರು ಕ್ಯಾಮೆರಾ ಕಲಿತರು. ಅವರಲ್ಲಿ ಹೆಚ್ಚಿನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಲೋ ಆ್ಯಂಗಲ್, ಟಾಪ್ ಆ್ಯಂಗಲ್ ಎಂದು ಬಾಯಿಪಾಠ ಮಾಡುವ ಬದಲು ತಮ್ಮ ಬದುಕಿನಿಂದಲೇ ಅವಕ್ಕೆ ಹೆಸರಿಟ್ಟುಕೊಂಡರು. ಮೇಲಿನಿಂದ ಕೆಳಗೆ ನೋಡುವುದು ಪಟೇಲ್ ಶಾಟ್, ಊರ ಪಟೇಲ ಕೂಲಿಯವರನ್ನು ನೋಡುವ ಬಗೆ. ಕೆಳಗಿನಿಂದ ಕತ್ತೆತ್ತಿ ನೋಡುವುದು ಜೀತದಾಳಿನ ಶಾಟ್. ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಟ್ಟರೆ ಅದು ಸಂಘಂ ಶಾಟ್, ಏಕೆಂದರೆ ಸಂಘದ ಸಭೆಯಲ್ಲಿ ಎಲ್ಲರೂ ನೆಲದ ಮೇಲೆ ಸಮನಾಗಿ ಕೂರುತ್ತಾರೆ. ಅವರಿಗೆ ಒಪ್ಪಿಗೆಯಾದದ್ದು ಇದೇ. ಯಾರನ್ನು ಎಷ್ಟು ಎತ್ತರದಿಂದ ನೋಡಬೇಕೆಂಬುದನ್ನು ಇಷ್ಟು ನೇರವಾಗಿ ಕಲಿಸುವ ಪಠ್ಯಪುಸ್ತಕ ಸಿಗುವುದು ಕಷ್ಟ.

2003ರಲ್ಲಿ ಅವರ ಕಸುಬು ದೂರದ ಊರಿನಲ್ಲಿ ಪರೀಕ್ಷೆಗೆ ನಿಂತಿತು. ವಾರಂಗಲ್ಲಿನ ಬಿಟಿ ಹತ್ತಿ ಬೆಳೆಗಾರರ ಸಿಟ್ಟಿಗೆ ಕಾರಣವೇನೆಂದು ಹುಡುಕುವ ಸಾಕ್ಷ್ಯಚಿತ್ರ ಅದು. ಒಮ್ಮೆ ಹೋಗಿ ನಾಲ್ಕು ಮಾತು ಹೇಳಿಸಿಕೊಂಡು ಬರಲಿಲ್ಲ. ಬೆಳೆಯ ಅವಧಿಯುದ್ದಕ್ಕೂ ಅವೇ ರೈತರ ಹೊಲಗಳಿಗೆ ಮತ್ತೆ ಮತ್ತೆ ಹೋದರು. ಬಿತ್ತುವಾಗಿನ ಆಸೆ, ಕೊಯ್ಲಿನ ಹೊತ್ತಿನ ಮುಖ, ಎರಡೂ ಟೇಪಿನಲ್ಲಿ ಉಳಿದವು. ವಿದೇಶಗಳಲ್ಲೂ ಪ್ರದರ್ಶನ ಕಂಡ ಈ ಚಿತ್ರದ ಬಲ ಇರುವುದು ಆ ತಾಳ್ಮೆಯಲ್ಲಿ. ಬೀಜ ಯಾವುದು, ಕಾಯಿ ಎಷ್ಟು ಕಟ್ಟಿತು, ಸಾಲ ಎಷ್ಟಾಯಿತು ಎಂದು ಕೇಳುವವರೂ ಹೊಲ ಉತ್ತವರೇ ಆಗಿದ್ದರಿಂದ, ರೈತರು ಕ್ಯಾಮೆರಾಕ್ಕೆ ಭಾಷಣ ಮಾಡದೆ ಲೆಕ್ಕ ಒಪ್ಪಿಸಿದರು.